ಒಂದು ದಿನದ ವೇಗಕ್ಕೆ ಎಷ್ಟು ವಿಮೆ?

ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಮುಗಿದು ಮಂಡಿಯ ಲೆಕ್ಕ ಚುಕ್ತಾ ಆಗುವ ದಿನಗಳು. ಒಂದು ಭಾನುವಾರ ಸಂಜೆ ತೋಪಿನ ಮನೆಯ ಜಗಲಿಯ ಮೇಲೆ ತಂದೆ, ಮಗ ಎದುರುಬದುರಾಗಿ ಕುಳಿತಿದ್ದರು. ನಡುವೆ ಕಾರಿನ ವಿಮಾ ಪತ್ರ ಬಿದ್ದಿತ್ತು.

ಮಗ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಕೊನೆಯ ವರ್ಷದ ವಿದ್ಯಾರ್ಥಿ. ಲೈಸೆನ್ಸ್ ಪಡೆದು ಮೂರು ವರ್ಷವಾಗಿದೆ. ಚೆನ್ನೈ ಸಮೀಪದ ಇರುಂಗಾಟುಕೋಟೆಯ ರೇಸ್ ಟ್ರ್ಯಾಕಿನಲ್ಲಿ ನಡೆಯುವ ‘ಟ್ರ್ಯಾಕ್ ಡೇ’ಗೆ ಮನೆಯ ಕಾರನ್ನು ಒಯ್ಯಬೇಕೆಂಬುದು ಅವನ ಆಸೆ. ಅದು ಎರಡು ವರ್ಷದ ಹಿಂದೆ ಬಾದಾಮಿಗೆ ಒಳ್ಳೆಯ ಬೆಲೆ ಸಿಕ್ಕಾಗ, ಬ್ಯಾಂಕಿನ ಸಾಲವನ್ನೂ ಸೇರಿಸಿ ಕೊಂಡ ಕಾರು. ಕುರುಡುಮಲೆ ಗಣಪತಿಯ ಮುಂದೆ ನಿಲ್ಲಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಮನೆಗೆ ತಂದದ್ದು. ಸಾಲದ ಕಂತು ಇನ್ನೂ ಮೂರು ವರ್ಷ ಬಾಕಿ ಇದೆ.

“ಅಪ್ಪಾ, ಇದು ರೇಸ್ ಅಲ್ಲ. ಗೆಲ್ಲೋದು, ಸೋಲೋದು ಏನೂ ಇಲ್ಲ. ಅವರವರ ಕಾರನ್ನು ಅವರವರು ಓಡಿಸ್ಕೊಂಡು ಬರೋದು ಅಷ್ಟೇ.”

“ಅಷ್ಟಕ್ಕೆ ಅಲ್ಲೀವರೆಗೂ ಯಾಕೋ ಹೋಗ್ಬೇಕು?”

“ರಸ್ತೇಲಿ ಓಡಿಸಬಾರದ ವೇಗದಲ್ಲಿ ಅಲ್ಲಿ ಓಡಿಸಬಹುದಪ್ಪಾ.”

ಈ ಮಾತಿನಲ್ಲಿ ನ್ಯಾಯವಿದೆ ಎಂದು ತಂದೆಗೂ ಅನಿಸಿತು. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ರೇಸ್ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಂತೆ ಅಪರಾಧ. ಮೊದಲ ಸಲಕ್ಕೆ 3 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹೆದ್ದಾರಿಯಲ್ಲಿ ಎದುರಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡ ಮೊಪೆಡ್ ಬರುತ್ತದೆ, ದನ ಅಡ್ಡ ಬರುತ್ತದೆ. 1990ರಲ್ಲಿ ಆರಂಭವಾದ, ಸುಮಾರು 3.7 ಕಿಲೋಮೀಟರ್ ಸುತ್ತಳತೆಯ ಆ ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ. ವೇಗದ ಆಸೆ ಇರುವವನಿಗೆ ಅದೇ ತಕ್ಕ ಜಾಗ. ಆದರೆ ಅಲ್ಲಿ ಕಾರಿಗೆ ಪೆಟ್ಟಾದರೆ ಯಾರು ಕೊಡುತ್ತಾರೆ?

ಆ ಪ್ರಶ್ನೆಗೆ ಮೊದಲ ಉತ್ತರ ಬಂದದ್ದು ಮಾಲೂರಿನ ಗೆಳೆಯನಿಂದ. “ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ. ಏನಾದ್ರೂ ಆದ್ರೆ ಕಾರನ್ನು ಹೆದ್ದಾರಿಗೆ ಎಳೆಸ್ಕೊಂಡು ಬಂದು, ನಾಯಿ ಅಡ್ಡ ಬಂತು ಅಂತ ಬರೆದುಕೊಟ್ರೆ ಆಯ್ತು” ಎಂದನಂತೆ. ಮಗ ಅದನ್ನು ಮನೆಯಲ್ಲಿ ನಗುತ್ತಲೇ ಹೇಳಿದ. ತಂದೆ ನಗಲಿಲ್ಲ. “ನಾಳೆ ಕೋಲಾರಕ್ಕೆ ಹೋಗೋಣ. ಹೋಗೋಕೆ ಮುಂಚೆ ಕೇಳೋಣ, ಹೋದ ಮೇಲೆ ಸುಳ್ಳು ಹೇಳೋದು ಬೇಡ” ಎಂದರು.

ಕೋಲಾರದ ವಿಮಾ ಕಚೇರಿಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಸಾವಧಾನವಾಗಿ ಪತ್ರ ಬಿಡಿಸಿದರು. ಅದರಲ್ಲಿದ್ದುದು ಮೂರು ಭಾಗ. ಮೊದಲನೆಯದು ಮೂರನೆಯವರಿಗೆ ಆಗುವ ಹಾನಿಯದು. ಸಾರ್ವಜನಿಕ ಸ್ಥಳದಲ್ಲಿ ಓಡುವ ಪ್ರತಿ ವಾಹನಕ್ಕೂ ಕಾಯ್ದೆಯೇ ಅದನ್ನು ಕಡ್ಡಾಯ ಮಾಡಿದೆ. ಎರಡನೆಯದು ಸ್ವಂತ ಕಾರಿಗಾಗುವ ಹಾನಿ. ಮೂರನೆಯದು ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ, 15 ಲಕ್ಷ ರೂಪಾಯಿ.

“ಈ ಮೂರನೆಯದು ಯಾರ ಹೆಸರಲ್ಲಿ ಕಾರಿದೆಯೋ ಅವರಿಗೆ ಮಾತ್ರ. ಕಾರು ನಿಮ್ಮದು. ಇವರು ಓಡಿಸುವಾಗ ರಸ್ತೆಯಲ್ಲೇ ಏನಾದರೂ ಆದರೂ ಆ 15 ಲಕ್ಷ ಇವರಿಗೆ ಸಲ್ಲುವುದಿಲ್ಲ” ಎಂದರು ಅಧಿಕಾರಿ. ಮಗನೇ ಹೆಚ್ಚಾಗಿ ಓಡಿಸುವ ಕಾರು ಅದು. ಎರಡು ವರ್ಷ ಕಂತು ಕಟ್ಟಿದ ತಂದೆಗೆ ಇದು ಹೊಸ ಸುದ್ದಿ.

ಆಮೇಲೆ ಅವರು ‘ಬಳಕೆಯ ಮಿತಿ’ ಎಂಬ ಸಣ್ಣ ಅಕ್ಷರದ ಭಾಗದ ಮೇಲೆ ಬೆರಳಿಟ್ಟರು. ಸಂಘಟಿತ ರೇಸ್, ಇನ್ನೊಂದು ವಾಹನಕ್ಕೆ ವೇಗ ತೋರಿಸಿಕೊಡುವುದು, ವೇಗ ಪರೀಕ್ಷೆ, ಸಾಮರ್ಥ್ಯ ಪರೀಕ್ಷೆಯ ಓಟ, ಇವುಗಳಿಗೆ ಬಳಸಿದರೆ ಪಾಲಿಸಿ ಅನ್ವಯಿಸದು.

“ಸರ್, ಟ್ರ್ಯಾಕ್ ಡೇ ರೇಸ್ ಅಲ್ಲವಲ್ಲ?” ಮಗನ ಪ್ರಶ್ನೆ.

“ವೇಗ ಪರೀಕ್ಷೆ ಅನ್ನೋ ಮಾತೂ ಇದೆಯಲ್ಲಪ್ಪ. ನಿನ್ನ ವಾದ ನೀನು ಮಾಡಬಹುದು. ಆದರೆ ಜಜ್ಜಿಹೋದ ಕಾರನ್ನು ಮುಂದಿಟ್ಟುಕೊಂಡು ವಾದ ಮಾಡೋದು ಕಷ್ಟ.”

ಬ್ರಿಟನ್‌ನಂಥ ದೇಶಗಳಲ್ಲಿ ಒಂದೇ ಒಂದು ಟ್ರ್ಯಾಕ್ ದಿನಕ್ಕೆಂದು ಪ್ರತ್ಯೇಕ ವಿಮೆ ಮಾರುವವರಿದ್ದಾರೆ. ಅಲ್ಲಿಯೂ ನಷ್ಟದ ಮೊದಲ ಭಾಗವನ್ನು, ಹಲವು ವೇಳೆ ಕಾರಿನ ಮೌಲ್ಯದ ಶೇಕಡಾ 10ರಷ್ಟನ್ನು, ಮಾಲೀಕನೇ ಹೊರಬೇಕು. ಟ್ರ್ಯಾಕಿನಲ್ಲಿ ಇನ್ನೊಬ್ಬರ ಕಾರಿಗೆ ಮಾಡಿದ ಹಾನಿ ಸಾಮಾನ್ಯವಾಗಿ ಅದರೊಳಗೆ ಸೇರಿರುವುದಿಲ್ಲ. “ನಮ್ಮ ಕಚೇರಿಯಲ್ಲಿ ಅಂಥ ಪಾಲಿಸಿ ಇಲ್ಲ” ಎಂದು ಅಧಿಕಾರಿ ನೇರವಾಗಿಯೇ ಹೇಳಿದರು.

ಆರೋಗ್ಯ ವಿಮೆಯ ಮಾತು ಬೇರೆ. ಅದರ ಪ್ರಮಾಣಿತ ನಿಯಮದಲ್ಲಿ ಮೋಟಾರ್ ರೇಸಿಂಗ್‌ನಂಥ ಅಪಾಯದ ಕ್ರೀಡೆಗಳನ್ನು ಹೊರಗಿಟ್ಟಿರುವುದು ಅದನ್ನು ವೃತ್ತಿಯಾಗಿ ಮಾಡುವವರಿಗೆ. ಹವ್ಯಾಸಿಗೆ ಆಸ್ಪತ್ರೆಯ ಖರ್ಚು ಸಿಗುವ ಅವಕಾಶವುಂಟು. ಆದರೆ ವೈಯಕ್ತಿಕ ಅಪಘಾತ ಪಾಲಿಸಿಗಳಲ್ಲಿ ಈ ಹೊರಗಿಡುವಿಕೆ ಒಂದೊಂದರಲ್ಲಿ ಒಂದೊಂದು ರೀತಿ. “ಬಾಯಿಮಾತಿಗೆ ನಂಬಬೇಡಿ. ಕಾಗದದಲ್ಲಿ ಕೇಳಿ, ಕಾಗದದಲ್ಲೇ ಉತ್ತರ ತೊಗೊಳ್ಳಿ” ಎಂದರು. ಅರಸೀಕೆರೆ ರಸ್ತೆಯಲ್ಲಿ 2014ರಲ್ಲಿ ನಡೆದ ಅಪಘಾತವೊಂದನ್ನೂ ನೆನಪಿಸಿದರು. ಅತಿವೇಗದಿಂದ ಕಾರು ಉರುಳಿ ಓಡಿಸುತ್ತಿದ್ದವನೇ ತೀರಿಕೊಂಡ. ತಪ್ಪು ಅವನದೇ ಆದ್ದರಿಂದ ಕುಟುಂಬಕ್ಕೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂಬ ಕರ್ನಾಟಕ ಹೈಕೋರ್ಟಿನ ತೀರ್ಪನ್ನು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬದಲಿಸಲಿಲ್ಲ.

ಹಿಂತಿರುಗುವಾಗ ಮುಳಬಾಗಿಲಿಗೂ ಹೋದರು. ಅಲ್ಲಿ ಮಗನ ಸೋದರಮಾವನ ಗ್ಯಾರೇಜು. ಮಾವ ಕಾರಿನ ಬಾನೆಟ್ ಎತ್ತಿ ಮೊದಲು ನೋಡಿದ್ದು ಬ್ರೇಕ್ ಆಯಿಲ್.

“ಏನೋ ಅಳಿಯ, ಎಂಜಿನಿಯರ್ ಓದ್ತಿದೀಯ. 120ರ ವೇಗದಲ್ಲಿರೋ ಒಂದು ಟನ್ ಕಾರನ್ನು ನಿಲ್ಲಿಸಿದ್ರೆ ಎಷ್ಟು ಶಾಖ ಹುಟ್ಟುತ್ತೆ, ಲೆಕ್ಕ ಹಾಕು.”

ಬಿಲ್ಲಿನ ಹಿಂಭಾಗದಲ್ಲಿ ಲೆಕ್ಕ ನಡೆಯಿತು. ಗಂಟೆಗೆ 120 ಕಿಲೋಮೀಟರ್ ಎಂದರೆ ಸೆಕೆಂಡಿಗೆ 33 ಮೀಟರಿಗೂ ಹೆಚ್ಚು. ಚಲನ ಶಕ್ತಿ ಸುಮಾರು ಐದೂವರೆ ಲಕ್ಷ ಜೂಲ್. ಒಂದೂಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಸಾಕು. ಅದಷ್ಟೂ ಬ್ರೇಕಿಗೆ ಸೇರಬೇಕು, ತಿರುವು ಬಂದಾಗಲೆಲ್ಲ ಸೇರಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ‘ಡಾಟ್ 3’ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದು. ತೇವ ಹೀರಿದ ಮೇಲೆ ಆ ಮಟ್ಟ 140ರ ಹತ್ತಿರಕ್ಕೆ ಇಳಿಯಬಹುದು. ಕುದಿದರೆ ಆವಿಯ ಗುಳ್ಳೆ, ಗುಳ್ಳೆ ಬಂದರೆ ಪೆಡಲ್ ನೆಲಕ್ಕೆ.

ಮಗ ಇನ್ನೊಂದು ಲೆಕ್ಕವನ್ನೂ ತಾನಾಗಿ ಮಾಡಿದ. 60ರ ವೇಗದಲ್ಲಿ ಗೋಡೆಗೆ ಬಡಿಯುವುದು 14 ಮೀಟರ್ ಎತ್ತರದಿಂದ ಬಿದ್ದಂತೆ. ವೇಗ ಎರಡು ಪಟ್ಟಾದರೆ ಎತ್ತರ ನಾಲ್ಕು ಪಟ್ಟು. 120ಕ್ಕೆ ಅದು ಸುಮಾರು 57 ಮೀಟರ್, ಅಂದರೆ ಹದಿನೆಂಟು ಅಂತಸ್ತಿನ ಕಟ್ಟಡ. ಪಾಠದಲ್ಲಿ ಎಷ್ಟೋ ಸಲ ಬರೆದ ಸೂತ್ರವೇ. ಆ ದಿನ ಬರೆದು ಮುಗಿಸಿದ ಮೇಲೆ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅದೇ ಟ್ರ್ಯಾಕಿನಲ್ಲಿ 2023ರ ಜನವರಿಯಲ್ಲಿ ಅನುಭವಿ ಚಾಲಕ ಕೆ.ಇ. ಕುಮಾರ್ ಕಾರ್ ರೇಸಿನಲ್ಲಿ, ಆಗಸ್ಟಿನಲ್ಲಿ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ಬೈಕ್ ರೇಸಿನಲ್ಲಿ ಪ್ರಾಣ ಕಳೆದುಕೊಂಡದ್ದು ಅವನಿಗೆ ತಿಳಿಯದ ವಿಷಯವಾಗಿರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಅಜ್ಜಿಗೂ ಸಂಗತಿ ಗೊತ್ತಾಯಿತು. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಮನೆಯ ಹಸುಗಳ ವಿಮೆಯನ್ನು ನೋಡಿಕೊಳ್ಳುವವರು ಅವರೇ.

“ಹಸು ಸತ್ತಾಗ ಕಿವೀಲಿ ಓಲೆ ಇಲ್ಲದಿದ್ರೆ ದುಡ್ಡು ಕೊಡಲ್ಲ ಅಂತ ಮೊದಲೇ ಹೇಳಿರ್ತಾರೆ. ನಾವು ಓಲೆ ಬಿದ್ದುಹೋದ್ರೆ ಅವತ್ತೇ ಹೋಗಿ ಹೇಳ್ತೀವಿ. ಓಲೆ ಇಲ್ಲದ ಹಸೂನ ಹೊಳೆಗೆ ಬಿಟ್ಟು, ಆಮೇಲೆ ಬೇರೆ ಹಸುವಿನ ಓಲೆ ತಂದು ಚುಚ್ಚೋದು ಮನೆತನಸ್ಥರು ಮಾಡೋ ಕೆಲಸ ಅಲ್ಲ” ಎಂದರು.

ಮಾಲೂರಿನ ಗೆಳೆಯನ ಸಲಹೆ ಅಲ್ಲಿಗೆ ಮುಗಿಯಿತು. ವಿಮೆ ಎಂಬುದು ಹಲವರು ಸೇರಿ ಕಟ್ಟಿದ ಹಣ. ಸುಳ್ಳು ಹೇಳಿ ಪಡೆದದ್ದು ಕಂಪನಿಯ ಗಂಟಲ್ಲ, ಕಂತು ಕಟ್ಟುವ ನೆರೆಹೊರೆಯವರ ಗಂಟು.

ಮಾರನೆಯ ದಿನ ತಂದೆ ಮಂಡಿಯ ಹಳೆಯ ಲೆಕ್ಕದ ಪುಸ್ತಕದಲ್ಲಿ ಮೂರು ಅಂಕಣ ಎಳೆದರು. ತಡೆದುಕೊಳ್ಳಬಹುದಾದ ನಷ್ಟ, ತಡೆದುಕೊಳ್ಳಲಾಗದ ನಷ್ಟ, ಹಣದಿಂದ ತುಂಬಲಾಗದ ನಷ್ಟ. ಟೈರು, ಬ್ರೇಕ್ ಪ್ಯಾಡು, ಪ್ರವೇಶ ಶುಲ್ಕ ಮೊದಲನೆಯದಕ್ಕೆ ಸೇರಿದವು. ಇಡೀ ಕಾರು ಎರಡನೆಯದಕ್ಕೆ ಹೋಯಿತು. ಕಾರು ಗುಜರಿಗೆ ಹೋದರೂ ಬ್ಯಾಂಕಿನ ಕಂತು ನಿಲ್ಲದು. ಮೂರನೆಯ ಅಂಕಣದಲ್ಲಿ ಅವರು ಏನನ್ನೂ ಬರೆಯಲಿಲ್ಲ. ಮಗನ ಕಡೆ ನೋಡಿದರು, ಅಷ್ಟೇ.

“ಮೊದಲನೆಯದಕ್ಕೆ ವಿಮೆ ಬೇಡ, ಕೈಯಿಂದ ಕೊಡಬಹುದು. ಎರಡನೆಯದಕ್ಕೆ ವಿಮೆ ಬೇಕು, ಆದರೆ ಸಿಗ್ತಿಲ್ಲ. ಸಿಗದಿದ್ರೆ ಆ ವಸ್ತುವನ್ನು ಅಲ್ಲಿಗೆ ಒಯ್ಯಬಾರದು. ಕಾರು ಮನೇಲಿರಲಿ. ನೀನು ಹೋಗಬೇಡ ಅಂತ ನಾನು ಹೇಳಲ್ಲ.”

ಮಗ ಒಂದು ದಿನ ಮುನಿಸಿಕೊಂಡಿದ್ದ. ಮರುದಿನ ತಾನೇ ಇನ್ನೊಂದು ದಾರಿ ಹುಡುಕಿದ. ಟ್ರ್ಯಾಕಿನಲ್ಲಿ ತಮ್ಮದೇ ಕಾರು ಕೊಟ್ಟು, ಪಕ್ಕಾ ತರಬೇತಿ ಕೊಡುವ ರೇಸಿಂಗ್ ಶಾಲೆಗಳುಂಟು. ಅಂಥ ಒಂದಕ್ಕೆ ಬರೆದು ನಾಲ್ಕು ಪ್ರಶ್ನೆ ಕೇಳಿದ. ವೈದ್ಯರೂ ಆಂಬುಲೆನ್ಸೂ ಇಡೀ ದಿನ ಟ್ರ್ಯಾಕಿನಲ್ಲಿ ಇರುತ್ತಾರೆಯೇ? ಕಾರಿಗೆ ಪೆಟ್ಟಾದರೆ ವಿದ್ಯಾರ್ಥಿ ಕೊಡಬೇಕಾದ ಗರಿಷ್ಠ ಮೊತ್ತವೆಷ್ಟು? ಇನ್ನೊಬ್ಬರಿಗೆ ಹಾನಿಯಾದರೆ ಹೊಣೆ ಯಾರದು? ವಿದ್ಯಾರ್ಥಿಗೆ ಅಪಘಾತ ವಿಮೆ ಇದೆಯೇ, ಅದರ ಪ್ರತಿ ಕಳಿಸುವಿರಾ?

ಎರಡು ವಾರದಲ್ಲಿ ನಾಲ್ಕಕ್ಕೂ ಲಿಖಿತ ಉತ್ತರ ಬಂತು. ಕಾರಿನ ಹಾನಿಗೆ ಹಾಕಿದ್ದ ಮಿತಿ, ಎರಡು ಸುಗ್ಗಿ ಮಂಡಿಯ ಲೆಕ್ಕ ಬರೆದು ಅವನು ಕೂಡಿಟ್ಟಿದ್ದ ಹಣಕ್ಕೆ ಹೆಚ್ಚುಕಡಿಮೆ ಸಮ. ಅಪಘಾತ ವಿಮೆಯ ಪ್ರತಿಯನ್ನು ತಂದೆ ಕನ್ನಡಕ ಹಾಕಿಕೊಂಡು ಹೊರಗಿಡುವಿಕೆಯ ಪುಟದಿಂದಲೇ ಓದತೊಡಗಿದರು.

“ದುಡ್ಡು ಹೋದ್ರೆ?” ಎಂದು ಕೇಳಿದರು ಕೊನೆಗೆ.

“ನಂದೇ ಹೋಗುತ್ತಪ್ಪಾ.”

“ಸರಿ ಹಾಗಾದ್ರೆ.”

ಹೊರಡುವ ದಿನ ಮುಳಬಾಗಿಲಿನಲ್ಲಿ ಚೆನ್ನೈ ಬಸ್ಸು ಹತ್ತಿಸಲು ತಂದೆಯೇ ಕಾರಿನಲ್ಲಿ ಕರೆದೊಯ್ದರು. ಮಾವ ಆ ವೇಳೆಗೆ ಬ್ರೇಕ್ ಆಯಿಲ್ ಬದಲಿಸಿದ್ದರು. ಅದು ಟ್ರ್ಯಾಕಿಗಾಗಿ ಅಲ್ಲ, ಊರಿನ ರಸ್ತೆಗೇ ಬೇಕಾಗಿತ್ತು. ತಂದೆ ಮಗನ ಹೆಸರಿಗೂ ಒಂದು ಅಪಘಾತ ಪಾಲಿಸಿ ಮಾಡಿಸಿದ್ದರು. ಅದೂ ದಿನನಿತ್ಯದ ರಸ್ತೆಗಾಗಿಯೇ. ಒಂದು ದಿನದ ವೇಗಕ್ಕೆಂದು ಹೊರಟ ವಿಚಾರಣೆಯಲ್ಲಿ ಮನೆಗೆ ಉಳಿದ ಲಾಭ ಇದು.

ಚಕ್ರದಡಿ ಇಡಲು ಕಾರು ಹೋಗುತ್ತಿಲ್ಲವಲ್ಲ ಎಂದು ಅಜ್ಜಿ ಎರಡು ನಿಂಬೆಹಣ್ಣನ್ನು ಮೊಮ್ಮಗನ ಚೀಲಕ್ಕೇ ಹಾಕಿ ಕಳಿಸಿದ್ದರು.