512 ಬೈಟ್‌ಗಳ ಹೆಬ್ಬಾಗಿಲು

ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ ಹೊರಡುವ ಕ್ಯಾಲ್‌ಟ್ರೇನ್ ಹತ್ತಿ ಮೌಂಟನ್ ವ್ಯೂನಲ್ಲಿ ಇಳಿದೆ. ಅಲ್ಲಿಂದ ಶೋರ್‌ಲೈನ್ ಬುಲೆವಾರ್ಡ್ ಹಿಡಿದು 101ನೇ ಹೆದ್ದಾರಿ ದಾಟಿದರೆ ಗಾಜಿನ ಮುಖದ ದೊಡ್ಡ ಬಿಳಿ ಕಟ್ಟಡವೊಂದು ಎದುರಾಗುತ್ತದೆ. ಒಂದು ಕಾಲಕ್ಕೆ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯದಾಗಿದ್ದ ಆ ಕಟ್ಟಡ ಈಗ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ. ನನ್ನ ಚೀಲದಲ್ಲಿ ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪ್ ಇತ್ತು. ತಲೆಯಲ್ಲಿ ಬಹುಕಾಲದ ಪ್ರಶ್ನೆಯೊಂದಿತ್ತು. ಮೊಸರು ಮಾಡಲು ಹೆಪ್ಪಿಗೆ ಮೊಸರೇ ಬೇಕಾಗುವ ಹಾಗೆ, ಒಂದು ಪ್ರೋಗ್ರಾಮನ್ನು ಮೆಮೊರಿಗೆ ತರಲು ಇನ್ನೊಂದು ಪ್ರೋಗ್ರಾಂ ಬೇಕು. ಹಾಗಾದರೆ ಮೊದಲ ಹನಿ ಹೆಪ್ಪು ಹಾಕುವವರು ಯಾರು?

ಉತ್ತರದ ಮೊದಲ ತುಣುಕು ಐಬಿಎಂ 1401 ಇರುವ ಕೋಣೆಯಲ್ಲಿ ಸಿಕ್ಕಿತು. ಮ್ಯೂಸಿಯಂನ ಬಾಗಿಲ ಸಂಖ್ಯೆಯೂ 1401 ಎಂಬುದು ಎಂಥ ಸೊಗಸಾದ ಕಾಕತಾಳೀಯ! 1959ರಲ್ಲಿ ಬಂದ ಈ ಯಂತ್ರವನ್ನು ಹಿರಿಯ ಸ್ವಯಂಸೇವಕರು ರಿಪೇರಿ ಮಾಡಿ ಮತ್ತೆ ಓಡಿಸುತ್ತಿದ್ದಾರೆ. ಅವರಲ್ಲೊಬ್ಬರು ರಂಧ್ರ ಹೊಡೆದ ಕಾರ್ಡುಗಳ ಕಟ್ಟನ್ನು ಯಂತ್ರದ ಬಾಯಿಗೆ ಇಟ್ಟು ‘ಲೋಡ್’ ಎಂಬ ಗುಂಡಿ ಒತ್ತಿದರು. ಆ ಗುಂಡಿಗೆ ಗೊತ್ತಿರುವುದು ಇಷ್ಟೇ: ಮೊದಲ ಕಾರ್ಡಿನ 80 ಅಕ್ಷರಗಳನ್ನು ಮೆಮೊರಿಯ 1ರಿಂದ 80ರವರೆಗಿನ ಜಾಗಕ್ಕೆ ತಂದು ಹಾಕು, 1ನೇ ಜಾಗದಿಂದ ಕೆಲಸ ಶುರುಮಾಡು. ಮುಂದಿನ ಕಾರ್ಡನ್ನು ಓದುವುದು ಹೇಗೆಂದು ಆ ಮೊದಲ ಕಾರ್ಡೇ ಯಂತ್ರಕ್ಕೆ ಕಲಿಸುತ್ತದೆ. ಕಾರ್ಡುಗಳು ಪಟಪಟನೆ ಒಳಗೆ ಹೋಗುತ್ತಿದ್ದ ಹಾಗೆ ನನ್ನ ಮೈ ಜುಮ್ಮೆಂದಿತು. ಬರೀ 80 ಅಕ್ಷರಗಳ ಬಲದ ಮೇಲೆ ಕೋಣೆ ತುಂಬುವ ಯಂತ್ರವೊಂದು ಎದ್ದು ನಿಂತಿತ್ತು.

ಅದೇ ಮ್ಯೂಸಿಯಂನಲ್ಲಿ ಪಿಡಿಪಿ–1 ಇದೆ. 1962ರಲ್ಲಿ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ‘ಸ್ಪೇಸ್‌ವಾರ್’ ಆಟ ಬರೆದದ್ದು ಈ ಮಾದರಿಯ ಯಂತ್ರಕ್ಕೇ. ಇಲ್ಲಿ ಕಾರ್ಡಿನ ಬದಲು ಮಡಿಕೆ ಮಡಿಕೆಯಾದ ಕಾಗದದ ಟೇಪು. ‘ರೀಡ್ ಇನ್’ ಸ್ವಿಚ್ ಒತ್ತಿದರೆ ಟೇಪಿನ ಆರಂಭದ ಕಿರು ತುಣುಕು ಮೆಮೊರಿಗೆ ಹೋಗಿ, ಉಳಿದದ್ದನ್ನು ತಾನೇ ಎಳೆದುಕೊಳ್ಳುತ್ತದೆ.

ಇನ್ನಷ್ಟು ಮುಂದೆ ಗಾಜಿನ ಹಿಂದೆ 1975ರ ಆಲ್ಟೇರ್ 8800. ಇದಕ್ಕೆ ಲೋಡ್ ಗುಂಡಿಯೂ ಇಲ್ಲ. ಮುಖದ ತುಂಬಾ ಸಾಲುಸಾಲು ಸ್ವಿಚ್ಚುಗಳು ಮಾತ್ರ. ಇದಕ್ಕೆಂದು ಬರೆದ ಬೇಸಿಕ್ ಭಾಷೆಯನ್ನು ತೋರಿಸಲು ತಯಾರಕರಿದ್ದ ಆಲ್ಬುಕರ್ಕಿಗೆ ಹೊರಟಿದ್ದ, ಮುಂದೆ ಮೈಕ್ರೋಸಾಫ್ಟ್ ಕಟ್ಟಿದವರಲ್ಲೊಬ್ಬರಾದ ಪಾಲ್ ಆಲನ್‌ಗೆ, ಟೇಪು ಓದಿಸುವ ಲೋಡರನ್ನೇ ಬರೆದಿಲ್ಲವೆಂದು ನೆನಪಾದದ್ದು ವಿಮಾನ ಇನ್ನೇನು ಇಳಿಯುವಾಗ. ಅಲ್ಲೇ ಕಾಗದದ ಮೇಲೆ ಬರೆದುಕೊಂಡರು. ಆಮೇಲೆ ಸ್ವಿಚ್ಚುಗಳನ್ನು ಬೆರಳಿನಿಂದ ಮೇಲೆ ಕೆಳಗೆ ಮಾಡುತ್ತ ಬೈಟ್ ಬೈಟ್ ಆಗಿ ತುಂಬಿದರು. ಟೇಪು ಓಡಿತು. ಎರಡಕ್ಕೆ ಎರಡು ಕೂಡು ಎಂದಾಗ ಯಂತ್ರ 4 ಎಂದಿತು. ನನ್ನ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಬೇಕೆ? ಮೊದಲ ಹನಿ ಬಿದ್ದದ್ದು ಮನುಷ್ಯನ ಬೆರಳ ತುದಿಯಿಂದ.

1981ರ ಐಬಿಎಂ ಪಿಸಿಯ ಎದುರು ಬಂದಾಗ ನನ್ನ ಲ್ಯಾಪ್‌ಟಾಪಿನ ವಂಶವೃಕ್ಷದ ಬುಡ ಸಿಕ್ಕಿತು. ಬೆರಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಚಿಪ್ಪಿನೊಳಗಿನ ಬಯಾಸ್ ಎಂಬ ತಂತ್ರಾಂಶ ಮಾಡುತ್ತದೆ. ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿರುವ 512 ಬೈಟ್‌ಗಳನ್ನು ಓದಿ ಅವಕ್ಕೆ ಅಧಿಕಾರ ಒಪ್ಪಿಸುವುದು ಅದರ ರೀತಿ. ಮುಂದೆ ಹಾರ್ಡ್ ಡಿಸ್ಕ್ ಬಂದಾಗ ಆ 512ರಲ್ಲೂ ಪಾಲಾಯಿತು. ಡಿಸ್ಕಿನ ವಿಭಾಗಗಳ, ಅಂದರೆ ಪಾರ್ಟಿಷನ್ನುಗಳ ಪಟ್ಟಿಗೆ 64, ಕೊನೆಯ ಗುರುತಿಗೆ 2. ಪ್ರೋಗ್ರಾಮಿಗೆ ಉಳಿದದ್ದು 446. ಲಿನಕ್ಸ್‌ನಂಥ ಒಂದು ಜಗತ್ತು ಈ ಸಣ್ಣ ಬಾಗಿಲಿನಿಂದಲೇ ಒಳಗೆ ಬರಬೇಕು!

ಆ ರಾತ್ರಿ ಸನ್ನಿವೇಲ್‌ನ ಗೆಳೆಯನ ಮನೆಯಲ್ಲಿ ಪಯಣ ಮುಂದುವರಿಯಿತು. ಊಟ ಮುಗಿಸಿ, ಲ್ಯಾಪ್‌ಟಾಪಿನಲ್ಲಿ ಒಂದೊಂದೇ ವರ್ಚುವಲ್ ಯಂತ್ರ ಎಬ್ಬಿಸುತ್ತ ಕುಳಿತೆವು. ಲಿನಕ್ಸನ್ನು ಮೆಮೊರಿಗೆ ತಂದು ಎಬ್ಬಿಸುವ ಪ್ರೋಗ್ರಾಮಿಗೆ ಬೂಟ್ ಲೋಡರ್ ಎನ್ನುತ್ತಾರೆ. ಮೊದಲ ಸರದಿ ಸ್ಲ್ಯಾಕ್‌ವೇರ್ ಎಂಬ ಲಿನಕ್ಸ್ ಮತ್ತು ಲಿಲೋ ಎಂಬ ಬೂಟ್ ಲೋಡರಿನದು. ವರ್ನರ್ ಆಲ್ಮೆಸ್ಬರ್ಗರ್ 1992ರಲ್ಲಿ ಬರೆಯಲು ಆರಂಭಿಸಿದ ಲಿಲೋಗೆ ಕಡತ ಎಂದರೇನೆಂದೇ ಗೊತ್ತಿಲ್ಲ. ಲಿನಕ್ಸ್‌ನ ಹೃದಯವಾದ ಕರ್ನಲ್ ಡಿಸ್ಕಿನ ಯಾವ ಯಾವ ಬ್ಲಾಕುಗಳಲ್ಲಿದೆ ಎಂಬ ವಿಳಾಸಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡು, ಅಲ್ಲಿಂದ ಕಣ್ಣುಮುಚ್ಚಿ ಎತ್ತಿಕೊಳ್ಳುತ್ತದೆ. ತೆರೆಯ ಮೇಲೆ ಎಲ್, ಐ, ಎಲ್, ಓ ಎಂದು ಅಕ್ಷರಗಳು ಮೂಡುತ್ತವೆ. ಪ್ರತಿ ಅಕ್ಷರವೂ ಒಂದೊಂದು ಮೆಟ್ಟಿಲು ದಾಟಿದ ಸುದ್ದಿ. ‘ಎಲ್ ಐ’ ಎಂದು ನಿಂತರೆ ಎರಡನೆಯ ಹಂತ ಏಳಲಿಲ್ಲ ಎಂದರ್ಥ. ಹೆಸರನ್ನೇ ಪರೀಕ್ಷೆಯ ಸಾಧನವಾಗಿಸಿದ ಈ ಜಾಣ್ಮೆಗೆ ಬೆರಗಾದೆ.

‘ಕರ್ನಲ್ ಬದಲಾದ್ರೆ ಏನು ಮಾಡತ್ತೋ ಇದು?’ ಎಂದ ಗೆಳೆಯ. ಲಿಲೋ ಆಜ್ಞೆಯನ್ನು ಮತ್ತೆ ಓಡಿಸಿ ಪಟ್ಟಿಯನ್ನು ಹೊಸದಾಗಿ ಬರೆಸಬೇಕು. ಮರೆತರೆ ಅದು ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿರುತ್ತದೆ.

ಆಮೇಲೆ ಗ್ರಬ್. ಎರಿಕ್ ಬೋಲಿನ್ 1995ರಲ್ಲಿ ಗ್ನೂ ಯೋಜನೆಯ ಹರ್ಡ್ ವ್ಯವಸ್ಥೆಗೆಂದು ಬರೆದದ್ದು ಇದು. 1999ರಲ್ಲಿ ಗ್ನೂ ತಂತ್ರಾಂಶವಾಯಿತು. ಯೋಶಿನೊರಿ ಒಕುಜಿ ಹೊಸದಾಗಿ ಕಟ್ಟಲು ತೊಡಗಿದ ರೂಪ 2012ರಲ್ಲಿ ಗ್ರಬ್ 2.00 ಆಗಿ ಹೊರಬಂತು. ಇದೂ ಆ 446 ಬೈಟ್‌ಗಳಿಂದಲೇ ನುಗ್ಗುತ್ತದೆ. ಆದರೆ ಅಲ್ಲಿ ಇಟ್ಟಿರುವುದು ಒಂದು ಪಾದ ಮಾತ್ರ. ಮೊದಲ ಸೆಕ್ಟರಿಗೂ ಮೊದಲ ಪಾರ್ಟಿಷನ್ನಿಗೂ ನಡುವೆ ಖಾಲಿ ಬಿದ್ದಿರುವ ಜಾಗದಲ್ಲಿ ತನ್ನ ತಿರುಳನ್ನು ಇಟ್ಟುಕೊಂಡಿರುತ್ತದೆ. ಆ ತಿರುಳಿಗೆ ಕಡತ ವ್ಯವಸ್ಥೆಗಳನ್ನು ಓದಲು ಬರುತ್ತದೆ. ಮೆನು ಬಂದಾಗ ‘ಸಿ’ ಕೀಲಿ ಒತ್ತಿ, ‘ಎಲ್‌ಎಸ್’ ಎಂದು ಟೈಪಿಸಿದೆ. ಡಿಸ್ಕುಗಳು, ಪಾರ್ಟಿಷನ್ನುಗಳು ಸಾಲಾಗಿ ಬಂದು ನಿಂತವು. ಲಿನಕ್ಸ್ ಇನ್ನೂ ಎದ್ದೇ ಇಲ್ಲ, ಆಗಲೇ ನಾನು ಅದರ ಕಡತಗಳ ನಡುವೆ ಓಡಾಡುತ್ತಿದ್ದೆ! ಕರ್ನಲ್ಲಿನ ಹೆಸರು ಹೇಳಿದರೆ ಸಾಕು, ವಿಳಾಸವನ್ನು ಗ್ರಬ್ ತಾನೇ ಹುಡುಕಿಕೊಳ್ಳುತ್ತದೆ.

ಇಷ್ಟು ಬಲ್ಲವನಿಗೆ ಅಪಾಯವೂ ಹೆಚ್ಚು. 2015ರಲ್ಲಿ ಸ್ಪೇನಿನ ವೆಲೆನ್ಸಿಯಾದ ಇಬ್ಬರು ಸಂಶೋಧಕರು, ಪಾಸ್‌ವರ್ಡ್ ಇಟ್ಟ ಗ್ರಬ್ಬಿನಲ್ಲಿ ಬಳಕೆದಾರರ ಹೆಸರು ಕೇಳಿದಾಗ 28 ಸಲ ಬ್ಯಾಕ್‌ಸ್ಪೇಸ್ ಒತ್ತಿದರೆ ಒಳಗೆ ದಾರಿಯಾಗುತ್ತದೆಂದು ತೋರಿಸಿದರು. 2020ರಲ್ಲಿ ಬೂಟ್‌ಹೋಲ್ ಎಂಬ ದೋಷ ಬಯಲಾಯಿತು. ಗ್ರಬ್ ತನ್ನ ಸಂರಚನಾ ಕಡತವನ್ನು ಓದುವ ರೀತಿಯಲ್ಲೇ ಆ ಬಿರುಕಿತ್ತು. ಎರಡನ್ನೂ ತಿದ್ದಲಾಯಿತು. ಮೂಲ ಸಂಕೇತ ಎಲ್ಲರಿಗೂ ತೆರೆದಿದ್ದದ್ದು ನೆರವಾಯಿತು.

ಕೊನೆಯ ಮಜಲು ಯುಇಎಫ್‌ಐ. ಬಯಾಸ್‌ನ ಜಾಗಕ್ಕೆ ಬಂದ ಈ ಫರ್ಮ್‌ವೇರಿಗೆ ಫ್ಯಾಟ್ ಎಂಬ ಕಡತ ವ್ಯವಸ್ಥೆಯ ಪಾರ್ಟಿಷನ್ ಓದಲು ತಾನಾಗಿಯೇ ಬರುತ್ತದೆ. ಹಾಗಾಗಿ ಬೂಟ್ ಲೋಡರ್ ಈಗ ಸೆಕ್ಟರಿನ ಮೂಲೆಯಲ್ಲಿ ಅಡಗಬೇಕಿಲ್ಲ, ಹೆಸರಿರುವ ಒಂದು ಕಡತವಾಗಿ ನೆಮ್ಮದಿಯಿಂದ ಇರುತ್ತದೆ. ಇದನ್ನು ನೆಚ್ಚಿಕೊಂಡು ಕೇ ಸೀವರ್ಸ್ ಮತ್ತು ಹರಾಲ್ಡ್ ಹೋಯರ್ 2012ರಲ್ಲಿ ಗಮ್ಮಿಬೂಟ್ ಬರೆದರು. 2015ರಲ್ಲಿ ಅದು ಸಿಸ್ಟಂಡಿ–ಬೂಟ್ ಆಯಿತು. ಫರ್ಮ್‌ವೇರ್ ಏನನ್ನು ಓದಬಲ್ಲುದೋ ಅಷ್ಟರಲ್ಲೇ ಇದರ ಸಂಸಾರ. ಕರ್ನಲ್ಲೂ ಅಂಥ ಪಾರ್ಟಿಷನ್ನಿನಲ್ಲೇ ಇರಬೇಕು. ಪ್ರತಿ ಮೆನು ಸಾಲಿಗೂ ನಾಲ್ಕಾರು ಸಾಲಿನ ಒಂದು ಪಠ್ಯ ಕಡತ, ಅಷ್ಟೇ. ತೆರೆ ಬೆಳಗಿತು, ಸಾಲು ಆರಿಸಿದೆ, ಲಿನಕ್ಸ್ ಎದ್ದಿತು. 80 ಅಕ್ಷರಗಳ ಕಾರ್ಡಿನ ಮಿತವ್ಯಯ ಇಷ್ಟು ದೂರ ಬಂದು ಮತ್ತೆ ಕಾಣಿಸಿತೆಂದು ಹಿಗ್ಗಿದೆ.

ಒಂದೇ ದಿನದಲ್ಲಿ ಇಷ್ಟನ್ನೂ ನೋಡಿದ ಮೇಲೆ ನನಗೆ ಹೊಳೆದದ್ದು ಇದು: ಬೂಟ್ ಲೋಡರುಗಳ ನಡುವಿನ ವ್ಯತ್ಯಾಸವೆಲ್ಲ, ಮೊದಲು ಏಳುವವನಿಗೆ ಎಷ್ಟು ತಿಳಿದಿರಬೇಕು ಎಂಬ ಒಂದೇ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರ. ಲಿಲೋಗೆ ವಿಳಾಸ ಮಾತ್ರ ಗೊತ್ತು. ಗ್ರಬ್ಬಿಗೆ ಊರೆಲ್ಲ ಗೊತ್ತು. ಸಿಸ್ಟಂಡಿ–ಬೂಟ್ ಫರ್ಮ್‌ವೇರನ್ನು ಕೇಳಿ ನಡೆಯುತ್ತದೆ.

ಆಯ್ಕೆಯ ಮಾತಿಗೆ ಬಂದರೆ, ಬಯಾಸ್ ಇರುವ ಹಳೆಯ ಯಂತ್ರಕ್ಕೆ, ಬಗೆಬಗೆಯ ಕಡತ ವ್ಯವಸ್ಥೆ ಇದ್ದಲ್ಲಿಗೆ ಗ್ರಬ್ಬೇ ಸರಿ. ಹೊಸ ಯಂತ್ರದಲ್ಲಿ ಒಂದೇ ಲಿನಕ್ಸ್ ಇದ್ದರೆ ಸಿಸ್ಟಂಡಿ–ಬೂಟ್ ಹಗುರ, ಸರಳ. ಹಲವು ವ್ಯವಸ್ಥೆಗಳನ್ನು ಚಿತ್ರದ ಮೆನುವಿನಿಂದ ಆರಿಸುವವರಿಗೆ ರಾಡ್ರಿಕ್ ಸ್ಮಿತ್ ಅವರ ರೀಫೈಂಡ್ ಇದೆ. ಸಣ್ಣ ಆರ್ಮ್ ಬೋರ್ಡುಗಳ ಲೋಕದಲ್ಲಿ ವುಲ್ಫ್‌ಗಾಂಗ್ ಡೆಂಕ್ ಆರಂಭಿಸಿದ ಯು–ಬೂಟ್ ಮನೆಮಾತು. 2015ರ ಕೊನೆಗೆ ಬೆಳವಣಿಗೆ ನಿಂತ ಲಿಲೋವನ್ನು ಕಲಿಯುವುದಕ್ಕಾಗಿ ಒಮ್ಮೆಯಾದರೂ ಓಡಿಸಿ ನೋಡಬೇಕು.

ಬೂಟ್ ಲೋಡರ್ ಬದಲಿಸುವ ಮುನ್ನ ತನ್ನಿಂದಲೇ ಲಿನಕ್ಸ್ ಎಬ್ಬಿಸಬಲ್ಲ ಲೈವ್ ಯುಎಸ್‌ಬಿ ಒಂದನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಬದಲಿಸುವ ಮನಸ್ಸಿಲ್ಲದಿದ್ದರೂ ನಿಮ್ಮ ಗ್ರಬ್ ಮೆನುವಿನಲ್ಲಿ ‘ಸಿ’ ಒತ್ತಿ, ‘ಎಲ್‌ಎಸ್’ ಎಂದು ಬರೆದು ನೋಡಿ. ಆ ಆಜ್ಞೆ ಡಿಸ್ಕನ್ನು ಓದುತ್ತದೆಯೇ ಹೊರತು ಏನನ್ನೂ ಅಳಿಸುವುದಿಲ್ಲ.