ಕಡೂರಿನ ಹುಡುಗಿ ಮತ್ತು ನಾನು ಹೊಡೆದುಹಾಕಿದ ಒಂದು ಹೆಸರು

ನಾನು ಕ್ರಿಕೆಟ್ಟಿನ ಬಗ್ಗೆ ಬರೆಯುತ್ತಿದ್ದೇನೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಗು ಬಂದೀತು. ಹೊಳೆನರಸೀಪುರದಲ್ಲಿದ್ದಾಗ ಚೀಲದಲ್ಲಿ ಟ್ರಾನ್ಸಿಸ್ಟರ್ ಬಚ್ಚಿಟ್ಟುಕೊಂಡು ಬಂದ ಹುಡುಗರ ಕಿವಿ ಹಿಂಡಿದವನು ನಾನೇ. ಆದರೆ 2025ರ ಜುಲೈ ತಿಂಗಳಲ್ಲಿ ವೇದಾ ಕೃಷ್ಣಮೂರ್ತಿಯವರು ಆಟಕ್ಕೆ ವಿದಾಯ ಹೇಳಿದ ಸುದ್ದಿಯನ್ನು ಓದಿದಂದು ಪತ್ರಿಕೆಯನ್ನು ಮಡಿಸಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅದರ ಕಾರಣವನ್ನು ನಿಮ್ಮೆದುರು ಹೇಳಿಕೊಳ್ಳಬೇಕೆನಿಸಿದೆ.

ವೇದಾ ನಮ್ಮ ನೆರೆಯ ಕಡೂರಿನವರು. ಅರಸೀಕೆರೆಯಲ್ಲಿ ರೈಲು ಹತ್ತಿದರೆ ಬಾಣಾವರ, ದೇವನೂರು ದಾಟಿದ ಮೇಲೆ ಸಿಗುವ ಊರು. ಹುಟ್ಟಿದ್ದು 1992ರ ಅಕ್ಟೋಬರ್ 16ರಂದು, ನಾಲ್ವರು ಮಕ್ಕಳಲ್ಲಿ ಕಿರಿಯವರಾಗಿ. ಮನೆಯವರು ಕರಾಟೆಗೆ ಸೇರಿಸಿದ್ದರು. ಹನ್ನೆರಡನೆಯ ವಯಸ್ಸಿಗೇ ಬ್ಲ್ಯಾಕ್ ಬೆಲ್ಟ್ ದೊರೆಯಿತು. ಆದರೆ ಹುಡುಗಿಯ ಮನಸ್ಸೆಲ್ಲ ಬೀದಿಯಲ್ಲಿ ಹುಡುಗರೊಡನೆ ಆಡುತ್ತಿದ್ದ ಕ್ರಿಕೆಟ್ಟಿನಲ್ಲಿತ್ತು. ಮನೆಯವರು ಅದನ್ನು ಕಂಡುಕೊಂಡರು. 2005ರಲ್ಲಿ ಆಕೆ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್ ಸೇರಿ, ಇರ್ಫಾನ್ ಸೇಟ್ ಅವರ ಕೈಯಲ್ಲಿ ಪಳಗಿದರು. ಹದಿಮೂರರ ಆಸುಪಾಸಿನ ಮಗಳನ್ನು ಆಟಕ್ಕಾಗಿ ಬೆಂಗಳೂರಿಗೆ ಬಿಡುವುದು ನಮ್ಮ ಕಡೆ ಸಣ್ಣ ಮಾತಲ್ಲ. ಅದು ಎಷ್ಟು ದೊಡ್ಡ ಮಾತೆಂಬುದು ನನಗೆ ಗೊತ್ತು.

1983ನೇ ಇಸವಿ. ಕಪಿಲ್ ದೇವ್ ತಂಡ ವಿಶ್ವಕಪ್ ಗೆದ್ದ ವರ್ಷ. ನಾನಾಗ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ದೈಹಿಕ ಶಿಕ್ಷಕರಿರಲಿಲ್ಲವಾಗಿ ಆಟದ ಹೊಣೆಯೂ ನನ್ನ ಪಾಲಿಗೆ ಬಂದಿತ್ತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಖೋ ಖೋ ಆಟದಲ್ಲಿ ಒಂದು ಸರದಿ ಪೂರ್ತಿ ಯಾರ ಕೈಗೂ ಸಿಗದೆ ಓಡಬಲ್ಲವಳಾಗಿದ್ದಳು. ಕಂಬದ ಬಳಿ ಬಂದು, ಮೈ ಬಾಗಿಸಿ, ಬೆನ್ನಟ್ಟಿದವಳ ಬೆರಳ ತುದಿಯಿಂದ ಜಾರಿಕೊಳ್ಳುತ್ತಿದ್ದ ಆ ಚಳಕವನ್ನು ನಾನು ಯಾರೂ ಕಲಿಸಿದ್ದಲ್ಲ. ತಾಲ್ಲೂಕಿನಲ್ಲಿ ನಮ್ಮ ತಂಡ ಗೆದ್ದಿತು. ಮುಂದೆ ಹಾಸನದಲ್ಲಿ ಜಿಲ್ಲಾ ಮಟ್ಟದ ಪಂದ್ಯ, ಎರಡು ರಾತ್ರಿ ತಂಗಬೇಕು.

ಹೊರಡುವ ಮುನ್ನಾದಿನ ಅವಳ ತಂದೆ ಬಂದರು. ಒಳ್ಳೆಯ ಮನುಷ್ಯ. ಕೈಮುಗಿದು, “ಹೆಣ್ಣುಮಗು ಮೇಷ್ಟ್ರೇ, ಪರಸ್ಥಳದಲ್ಲಿ ರಾತ್ರಿ ಉಳಿಸೋದು ಬ್ಯಾಡಿ” ಎಂದರು. ನಾನು ಒಂದು ಮಾತನ್ನೂ ಎದುರಾಡಲಿಲ್ಲ. ಕೆಂಪು ಶಾಯಿಯಲ್ಲಿ ಅವಳ ಹೆಸರನ್ನು ಹೊಡೆದು, ಕೆಳಗೆ ಇನ್ನೊಬ್ಬಳ ಹೆಸರನ್ನು ಬರೆದೆ. ಬಾಗಿಲಲ್ಲಿ ನಿಂತಿದ್ದ ಹುಡುಗಿ ಅಳಲಿಲ್ಲ. ಪಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೊರಟುಹೋದಳು. ರಾತ್ರಿ ಊಟದ ಹೊತ್ತಿನಲ್ಲಿ ವಿಷಯ ತಿಳಿದ ನನ್ನಾಕೆ, “ನನ್ನನ್ನೊಂದು ಮಾತು ಕೇಳಬಾರದಿತ್ತೇ? ಆ ಮಗುವಿನ ಜೊತೆಗೆ ನಾನೇ ಬರುತ್ತಿದ್ದೆನಲ್ಲ” ಎಂದಳು. ನನಗೆ ಅದು ಹೊಳೆದೇ ಇರಲಿಲ್ಲ. ಮರುವರ್ಷ ಆ ಹುಡುಗಿ ಶಾಲೆಗೆ ಬರಲಿಲ್ಲ.

ಅದಾಗಿ ಎಷ್ಟೋ ವರ್ಷಗಳ ಮೇಲೆ, ನಿವೃತ್ತನಾಗಿ ಚನ್ನರಾಯಪಟ್ಟಣದಲ್ಲಿ ನೆಲೆನಿಂತ ನಾನು ವೇದಾ ಅವರ ಆಟವನ್ನು ಹಿಂಬಾಲಿಸತೊಡಗಿದೆ. 2011ರ ಜೂನ್ 30ರಂದು ಇಂಗ್ಲೆಂಡಿನ ಡರ್ಬಿಯಲ್ಲಿ, ಹದಿನೆಂಟರ ಹರೆಯದಲ್ಲಿ, ಮೊದಲ ಏಕದಿನ ಪಂದ್ಯದಲ್ಲೇ ಆಕೆ 51 ಓಟ ಗಳಿಸಿದ್ದರು. ಅದೇ ಡರ್ಬಿಯಲ್ಲಿ, 2017ರ ವಿಶ್ವಕಪ್ಪಿನಲ್ಲಿ, ಸೋತರೆ ಮನೆಗೆ ಎಂಬಂತಿದ್ದ ನ್ಯೂಜಿಲೆಂಡ್ ವಿರುದ್ಧದ ಪಂದ್ಯದಲ್ಲಿ 45 ಚೆಂಡುಗಳಲ್ಲಿ 70 ಹೊಡೆದರು. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ್ 15 ಓಟಗಳಿಗೆ 5 ವಿಕೆಟ್ ಕಿತ್ತರು. ಎದುರಾಳಿಗಳು 79ಕ್ಕೇ ಮುಗಿದರು. ಕನ್ನಡನಾಡಿನ ಇಬ್ಬರು ಹೆಣ್ಣುಮಕ್ಕಳು ಕೂಡಿ ಗೆಲ್ಲಿಸಿದ ಆ ಸಂಜೆ ಮನೆಯಲ್ಲಿ ನಾವಿಬ್ಬರೂ ಚಪ್ಪಾಳೆ ತಟ್ಟಿದೆವು.

ಜುಲೈ 23ರಂದು ಲಾರ್ಡ್ಸ್‌ನಲ್ಲಿ ಫೈನಲ್. ಗುರಿ 229. ಮೂರು ವಿಕೆಟ್ಟಿಗೆ 191ರವರೆಗೆ ತಲುಪಿದ ಭಾರತ 219ಕ್ಕೆ ಕುಸಿಯಿತು. 34 ಚೆಂಡುಗಳಲ್ಲಿ 35 ಗಳಿಸಿದ್ದ ವೇದಾ ಕೂಡ ಆ ಕುಸಿತದ ನಡುವೆ ಔಟಾದರು. ಸೋತದ್ದು ಕೇವಲ 9 ಓಟಗಳಿಂದ. 2020ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ 86,174 ಪ್ರೇಕ್ಷಕರೆದುರು ನಡೆದ ಟಿ20 ಫೈನಲ್ಲಿನಲ್ಲೂ ಸೋಲು. ಆಕೆಯ ಕೊನೆಯ ಅಂತರರಾಷ್ಟ್ರೀಯ ಪಂದ್ಯ ಅದೇ. ಮರುವರ್ಷ ಕೋವಿಡ್ ಎರಡೇ ವಾರಗಳ ಅಂತರದಲ್ಲಿ ತಾಯಿಯನ್ನೂ ಅಕ್ಕನನ್ನೂ ಕಸಿದುಕೊಂಡಿತು. ಆ ಮನೆಗೆ ಬಿದ್ದ ಪೆಟ್ಟಿನ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಆದರೂ ಆಕೆ ಬ್ಯಾಟನ್ನು ಕೆಳಗಿಡಲಿಲ್ಲ. 2024ರಲ್ಲಿ ಗುಜರಾತ್ ಜೈಂಟ್ಸ್ ತಂಡಕ್ಕೆ ಆಡಿದರು. 48 ಏಕದಿನ ಪಂದ್ಯಗಳಲ್ಲಿ 829, 76 ಟಿ20 ಪಂದ್ಯಗಳಲ್ಲಿ 875 ಓಟಗಳು. ವಿದಾಯದ ಮೂರು ತಿಂಗಳ ಮೇಲೆ, 2025ರ ನವೆಂಬರ್ 2ರಂದು, ಭಾರತದ ವನಿತೆಯರು ವಿಶ್ವಕಪ್ಪನ್ನು ಗೆದ್ದೇಬಿಟ್ಟರು.

ಅಂಕಿಸಂಖ್ಯೆಗಳನ್ನು ಕೂಡಿಸಿದರೆ ವೇದಾ ಅವರದು ಮಹಾ ದಾಖಲೆಯಲ್ಲವೆಂದು ಬಲ್ಲವರು ಹೇಳಿಯಾರು. ನನ್ನ ಲೆಕ್ಕವೇ ಬೇರೆ. ಆಕೆಗೆ ಗೆಲ್ಲುವ ಅವಕಾಶವೂ ಸಿಕ್ಕಿತು, ಲಾರ್ಡ್ಸ್‌ನಲ್ಲಿ ಸೋಲುವ ಅವಕಾಶವೂ ಸಿಕ್ಕಿತು. ನಮ್ಮ ಹುಡುಗಿಗೆ ಹಾಸನದಲ್ಲಿ ಸೋಲುವ ಅವಕಾಶವೂ ದೊರೆಯಲಿಲ್ಲ. ಅವಳು ಎಷ್ಟು ದೂರ ಹೋಗುತ್ತಿದ್ದಳೋ ಯಾರು ಬಲ್ಲರು? ತಡೆದದ್ದು ಅವಳ ತಂದೆಯೊಬ್ಬರೇ ಅಲ್ಲ, ನನ್ನ ಲೇಖನಿ ಕೂಡ.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಿದರೆ ಆಕೆಗೆ ತಿಳಿಯುತ್ತದೆ. ತಾಯಿ, ಅಂದು ನಾನು ಮಾಡಿದ್ದು ತಪ್ಪು, ಕ್ಷಮಿಸು. ನನ್ನ ಉಳಿದ ಶಿಷ್ಯರಲ್ಲಿ ಒಂದೇ ಕೋರಿಕೆ. ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಯರು, ಕೆಲವರು ಉಪಾಧ್ಯಾಯರು. ಒಂದು ಹೆಣ್ಣುಮಗುವಿನ ಹೆಸರನ್ನು ಪಟ್ಟಿಯಿಂದ ತೆಗೆಯುವ ಮೊದಲು, ಅವಳ ಜೊತೆಗೆ ಯಾರು ಹೋಗಬಹುದೆಂದು ಮನೆಯಲ್ಲಿ ಒಂದು ಮಾತು ಕೇಳಿ.