ಹುಮನಾಬಾದಿನಿಂದ ಸುಪ್ರೀಂ ಕೋರ್ಟಿಗೆ ಎಷ್ಟು ದೂರ?

ಅಮೆರಿಕದ ಪೌರತ್ವ ಬಯಸುವವರು ಒಂದು ಮೌಖಿಕ ಪರೀಕ್ಷೆ ಎದುರಿಸಬೇಕು. ದೇಶದ ಅತ್ಯುನ್ನತ ನ್ಯಾಯಾಲಯ ಯಾವುದು ಎಂಬುದು ಅದರ ಪ್ರಶ್ನೆಗಳಲ್ಲೊಂದು. ಮದುವೆಯಾಗಿ ಅಲ್ಲಿ ನೆಲೆಸಿದ ನಮ್ಮ ಹೆಣ್ಣುಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಇಲ್ಲೇ ಹುಟ್ಟಿದ ನಮ್ಮನ್ನು ಯಾರೂ ಅಂಥದ್ದು ಕೇಳುವುದಿಲ್ಲ. ಆದರೆ ಸಹೋದರಿ, ಬೀದರ್ ಜಿಲ್ಲೆಯ ಹುಮನಾಬಾದಿನಲ್ಲಿ ನೀವು ಬಸ್ಸಿಳಿದಾಗ ಯಾರಾದರೂ ಸುಪ್ರೀಂ ಕೋರ್ಟಿನ ದಾರಿ ಕೇಳಿದರೆ ಏನು ಹೇಳುವಿರಿ? ದಿಲ್ಲಿ ಎಂದರೆ ಅದು ಅರ್ಧ ಉತ್ತರ.

ಇಲ್ಲಿಂದ ಪಶ್ಚಿಮಕ್ಕೆ, ಪುಣೆಯ ಹೆದ್ದಾರಿ ಹಿಡಿದು ಲಾರಿಗಳ ನಡುವೆ ಸಾಗಿ ಪಕ್ಕಕ್ಕೆ ತಿರುಗಿದರೆ ಬಸವಕಲ್ಯಾಣ. ಕೋಟೆ ನೋಡಿ, ರಾಜಾ ಬಾಗ್ ಸವಾರ್ ದರ್ಗಾ ನೋಡಿ. ಕಣ್ಣಿಗೆ ಕಾಣದ ಒಂದು ವಿಷಯವೂ ಈ ಊರಿನದೇ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು 'ಮಿತಾಕ್ಷರಾ' ಬರೆದದ್ದು ಈ ಕಲ್ಯಾಣದಲ್ಲಿ. ಬಂಗಾಳ, ಅಸ್ಸಾಂ ಬಿಟ್ಟರೆ ದೇಶದ ಹೆಚ್ಚಿನ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಅದೇ ಆಧಾರವಾಯಿತು. ಅದರಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಹಕ್ಕು ಮಗನಿಗೆ ಮಾತ್ರ. 2005ರ ಕಾನೂನು ಮಗಳಿಗೂ ಆ ಹಕ್ಕು ಕೊಟ್ಟಿತು. ಅಷ್ಟರಲ್ಲಿ ತಂದೆ ತೀರಿಕೊಂಡಿದ್ದರೆ? ಆಗಲೂ ಹಕ್ಕಿದೆ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಹೇಳಿತು. ನೆರೆಮನೆಯ ಹೆಣ್ಣುಮಗಳಿಗೆ ಇದು ಸಣ್ಣ ಸಂಗತಿಯಲ್ಲ.

ನಿಜಾಮರ ಕಾಲದಲ್ಲಿ ಈ ಸೀಮೆಯ ಕಡೆಯ ಅಪೀಲು ಹೈದರಾಬಾದಿನಲ್ಲೇ ಮುಗಿಯುತ್ತಿತ್ತು. 1950ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆರಂಭವಾದಾಗ ಆ ಅಧಿಕಾರ ದಿಲ್ಲಿಗೆ ಹೋಯಿತು. 1956ರಲ್ಲಿ ಬೀದರ್ ಕನ್ನಡ ರಾಜ್ಯಕ್ಕೆ ಸೇರಿದ ಮೇಲೆ ಹೈಕೋರ್ಟು ಬೆಂಗಳೂರಿನಲ್ಲಿ, ರಾತ್ರಿಯಿಡೀ ಪ್ರಯಾಣ. ಬುತ್ತಿ ಕಟ್ಟಿಕೊಂಡು ಹೋದವರ ಕಷ್ಟ ಈ ಭಾಗದವರಿಗೇ ಗೊತ್ತು. 2008ರಲ್ಲಿ ಕಲಬುರಗಿಯಲ್ಲಿ ಹೈಕೋರ್ಟ್ ಪೀಠ ತೆರೆಯಿತು, 2013ರಲ್ಲಿ ಅದು ಕಾಯಂ ಆಯಿತು. ಈಗ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರಬಹುದು.

ಹಾಗಾಗಿ ದಾರಿ ಹೀಗೆ: ತಾಲೂಕು, ಜಿಲ್ಲೆ, ಕಲಬುರಗಿ, ದಿಲ್ಲಿ. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ಸಂವಿಧಾನದ 32ನೇ ವಿಧಿಯಡಿ ನೇರವಾಗಿ ದಿಲ್ಲಿಗೂ ಹೋಗಬಹುದು. ಈ ಮೆಟ್ಟಿಲುಗಳನ್ನು ನ್ಯಾಯಾಧೀಶರಾಗಿಯೇ ಹತ್ತಿದ ಒಬ್ಬ ಮುಸ್ಲಿಮ್ ಮಹಿಳೆಯಿದ್ದರು. ಕೇರಳದ ಎಂ. ಫಾತಿಮಾ ಬೀವಿ 1958ರಲ್ಲಿ ಮುನ್ಸಿಫರಾಗಿ ಸೇರಿ, 1989ರಲ್ಲಿ ಸುಪ್ರೀಂ ಕೋರ್ಟಿನ ಮೊತ್ತಮೊದಲ ಮಹಿಳಾ ನ್ಯಾಯಾಧೀಶೆಯಾದರು. ನಮ್ಮ ಹುಡುಗಿಯರಿಗೆ ಈ ಹೆಸರು ಗೊತ್ತಿರಲಿ.

ಹುಮನಾಬಾದಿನಿಂದ ಪೂರ್ವಕ್ಕೆ ಇದೇ ಹೆದ್ದಾರಿ ತೆಲಂಗಾಣ ಮುಟ್ಟುತ್ತದೆ. ಅಲ್ಲಿಯ ವ್ಯಕ್ತಿಯೊಬ್ಬ ತಲಾಕ್ ಕೊಟ್ಟ ಹೆಂಡತಿಗೆ ಎಲ್ಲರಿಗೂ ಅನ್ವಯವಾಗುವ ಕಾನೂನಿನಡಿ ಜೀವನಾಂಶ ಕೊಡಬೇಕಿಲ್ಲ ಎಂದು ದಿಲ್ಲಿಯವರೆಗೂ ಹೋದ. 2024ರ ಜುಲೈ 10ರಂದು ಸುಪ್ರೀಂ ಕೋರ್ಟು ಅವನ ಅಪೀಲು ತಳ್ಳಿಹಾಕಿತು. ತೀರ್ಪಿತ್ತ ಇಬ್ಬರಲ್ಲಿ ಒಬ್ಬರು ನಮ್ಮ ಹೈಕೋರ್ಟಿನಿಂದ ಹೋದ ಬಿ.ವಿ. ನಾಗರತ್ನ. ಅದು ದೇಶದ ಎಲ್ಲ ಕೋರ್ಟುಗಳೂ ಪಾಲಿಸಬೇಕಾದ ತೀರ್ಪು, ತಾಲೂಕಿನದೂ ಸೇರಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುತ್ತೀರಾ? 1987ರ ಕಾನೂನಿನಂತೆ ಮಹಿಳೆಗೆ, ಅವಳ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಉಂಟು. ಸುಪ್ರೀಂ ಕೋರ್ಟಿನಲ್ಲೂ ಅಷ್ಟೇ. ತಾಲೂಕಿನ ಕೋರ್ಟಿಗೆ ಹೋಗಿ ಕಾನೂನು ಸೇವಾ ಸಮಿತಿ ಎಲ್ಲಿ ಎಂದು ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಅಲ್ಲಿಯವರು ಬರೆದುಕೊಳ್ಳಬೇಕು.